ಹಾಡಿಗೆ ರಿವರ್ಬ್ ಇರಲಿ, ಸಾಹಿತ್ಯವೂ ಕೇಳಲಿ

ಮನೆಯಲ್ಲೇ ಭಾವಗೀತೆ ರೆಕಾರ್ಡ್ ಮಾಡುವವರು ಈಗ ಬಹಳ ಮಂದಿ. ದನಿ ಚೆನ್ನಾಗಿರುತ್ತದೆ, ತಬಲಾ, ಕೊಳಲು ಎಲ್ಲ ಕೂಡಿ ಬಂದಿರುತ್ತದೆ. ಆದರೆ ರಿವರ್ಬ್, ಅಂದರೆ ದೊಡ್ಡ ಕೋಣೆಯಲ್ಲಿ ಹಾಡಿದಂತೆ ದನಿಯ ಹಿಂದೆ ಉಳಿಯುವ ಗುಂಗು, ಹಾಕಿದ ಕೂಡಲೇ ಸಾಹಿತ್ಯ ಮಸುಕಾಗುತ್ತದೆ. ಭಾವಗೀತೆಯಲ್ಲಿ ಮಾತೇ ಕೇಳದಿದ್ದರೆ ಇನ್ನೇನು ಉಳಿಯಿತು, ಅಲ್ವಾ?

ಮಸುಕಾಗುವುದು ಎಲ್ಲಿ ಅಂದರೆ, ಹೆಚ್ಚಾಗಿ ಒತ್ತಕ್ಷರದಲ್ಲಿ. ‘ಕತೆ’ ಮತ್ತು ‘ಕತ್ತೆ’ ಹೇಳಿ ನೋಡಿ. ‘ತ್ತೆ’ ಹೊರಬರುವ ಮುಂಚೆ ನಾಲಗೆ ಗಾಳಿಯನ್ನು ಒಂದು ಕ್ಷಣ ತಡೆಯುತ್ತದೆ. ಹಿಂದಿನ ಅಕ್ಷರದ ರಿವರ್ಬ್ ಆ ಪುಟ್ಟ ಮೌನವನ್ನು ತುಂಬಿಬಿಟ್ಟರೆ ಒತ್ತು ಕಳೆದುಹೋಗುತ್ತದೆ.

ಹಾಗಾಗಿ ಮೊದಲು, ರಿವರ್ಬನ್ನು ದನಿಯ ಟ್ರ್ಯಾಕಿಗೆ ನೇರವಾಗಿ ಹಾಕಬೇಡಿ. ಬೇರೆ ಟ್ರ್ಯಾಕಿನಲ್ಲಿ ಇಟ್ಟು, ಅಲ್ಲಿ ರಿವರ್ಬ್ ಮಾತ್ರ ಕೇಳುವಂತೆ ವೆಟ್ ಶೇ 100 ಮಾಡಿ, ದನಿಯ ಒಂದು ಪ್ರತಿಯನ್ನು ಸೆಂಡ್ ಮೂಲಕ ಅಲ್ಲಿಗೆ ಕಳಿಸಿ. ಆಗ ಮೂಲ ದನಿ ಹಾಗೇ ಇರುತ್ತದೆ, ರಿವರ್ಬನ್ನು ಮಾತ್ರ ತಿದ್ದಬಹುದು.

ಭಾವಗೀತೆಗೆ ನನ್ನ ಆಯ್ಕೆ ಪ್ಲೇಟ್ ಎಂಬ ಬಗೆಯ ರಿವರ್ಬ್. ದೊಡ್ಡ ಉಕ್ಕಿನ ತಗಡನ್ನು ನಡುಗಿಸಿ ರಿವರ್ಬ್ ಹುಟ್ಟಿಸುವ ಇಎಂಟಿ 140 ಯಂತ್ರ 1957ರಲ್ಲಿ ಜರ್ಮನಿಯಲ್ಲಿ ಬಂತು. ಇಂದಿನ ರೆಕಾರ್ಡಿಂಗ್ ಸಾಫ್ಟ್‌ವೇರಿನ ಪ್ಲೇಟ್ ಪ್ಲಗಿನ್‌ಗಳು ಅದೇ ನಾದವನ್ನು ಅನುಸರಿಸುತ್ತವೆ. ಡಿಕೇ, ಅಂದರೆ ರಿವರ್ಬ್ ಅಡಗಲು ಹಿಡಿಯುವ ಹೊತ್ತು, ಒಂದೂವರೆ ಸೆಕೆಂಡಿನ ಆಸುಪಾಸು ಸಾಕು.

ಇನ್ನು ಪ್ರಿ-ಡಿಲೇ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಗುಂಡಿ ಇದೇ. ಅಕ್ಷರ ಕೇಳಿಸಿದ ಮೇಲೆ ಎಷ್ಟು ಹೊತ್ತಿಗೆ ರಿವರ್ಬ್ ಶುರುವಾಗಬೇಕು ಎಂದು ಅದು ಹೇಳುತ್ತದೆ. ಸೊನ್ನೆ ಇಟ್ಟರೆ ರಿವರ್ಬ್ ಅಕ್ಷರಕ್ಕೇ ಅಂಟಿಕೊಳ್ಳುತ್ತದೆ. ತುಂಬಾ ಜಾಸ್ತಿಯಾದರೆ ಬೇರೆಯೇ ಪ್ರತಿಧ್ವನಿ ಅನ್ನಿಸುತ್ತದೆ. 40ರಿಂದ 60 ಮಿಲಿಸೆಕೆಂಡಿನಲ್ಲಿ ಶುರುಮಾಡಿ. ಲಯಕ್ಕೆ ಹೊಂದಿಸಬೇಕೆಂದರೆ 60,000ವನ್ನು ಬಿಪಿಎಂನಿಂದ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬ ಸಂಖ್ಯೆಯಿಂದ, ಭಾಗಿಸಿ, ಬಂದದ್ದನ್ನು ಮತ್ತೆ 16ರಿಂದ ಭಾಗಿಸಿ. 80 ಬಿಪಿಎಂ ಹಾಡಿಗೆ ಸುಮಾರು 47 ಮಿಲಿಸೆಕೆಂಡ್ ಬರುತ್ತದೆ.

ರಿವರ್ಬ್ ಟ್ರ್ಯಾಕಿಗೆ ಇಕ್ಯೂ, ಅಂದರೆ ತಗ್ಗು-ಎತ್ತರದ ನಾದಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ, ಹಾಕಿ, 300 ಹರ್ಟ್ಸ್ ಕೆಳಗಿನದನ್ನೂ 8,000 ಮೇಲಿನದನ್ನೂ ಇಳಿಸಿ. ಕೆಳಗಿನದು ತಬಲಾ ಜೋಡಿಯ ಬಾಯಾವನ್ನು, ಅಂದರೆ ತಗ್ಗು ನಾದದ ದೊಡ್ಡದನ್ನು, ಮಬ್ಬಾಗಿಸುತ್ತದೆ. ಸ, ಶ, ಚ ಚುಚ್ಚುತ್ತಿದ್ದರೆ ರಿವರ್ಬಿಗೆ ಮುಂಚೆಯೇ ಆ ಚುಚ್ಚುವಿಕೆಯನ್ನು ತಗ್ಗಿಸುವ ಒಂದು ಡಿ-ಎಸ್ಸರ್ ಇಡಿ.

ಇಷ್ಟಾದರೂ ಸಾಲದಿದ್ದರೆ ಅದೇ ರಿವರ್ಬ್ ಟ್ರ್ಯಾಕಿಗೆ ದನಿಯ ಜೋರನ್ನು ತಗ್ಗಿಸುವ ಕಂಪ್ರೆಸರ್ ಹಾಕಿ, ಸೈಡ್‌ಚೈನ್‌ಗೆ ಮೂಲ ದನಿ ಕೊಡಿ, ಅಂದರೆ ಆ ದನಿ ಬಂದಾಗಲೆಲ್ಲ ಕಂಪ್ರೆಸರ್ ರಿವರ್ಬನ್ನು ತಗ್ಗಿಸುತ್ತದೆ. ಹಾಡುವಾಗ ರಿವರ್ಬ್ 3-4 ಡೆಸಿಬಲ್ ತಗ್ಗಲಿ. ಸಾಲು ಮುಗಿದ ಕೂಡಲೇ ಅದು ತಾನಾಗಿ ಅರಳುತ್ತದೆ, ಕೇಳಲು ಬಹಳ ಸೊಗಸು.

ಮಟ್ಟವನ್ನು ದನಿ ಒಂದನ್ನೇ ಕೇಳುತ್ತಾ ಗೊತ್ತುಮಾಡಬೇಡಿ. ಎಲ್ಲ ವಾದ್ಯಗಳೂ ನುಡಿಯುತ್ತಿರಲಿ. ರಿವರ್ಬ್ ಕಿವಿಗೆ ಬೀಳುವವರೆಗೆ ಏರಿಸಿ, ಆಮೇಲೆ 2 ಡೆಸಿಬಲ್ ಇಳಿಸಿ. ಫೋನಿನ ಸ್ಪೀಕರಿನಲ್ಲೂ ಒಮ್ಮೆ ಕೇಳಿ.

ಕೊನೆಯ ಪರೀಕ್ಷೆಗೆ ನಿಮ್ಮ ಕಿವಿಯನ್ನು ನಂಬಬೇಡಿ. ನಿಮಗೆ ಸಾಹಿತ್ಯ ಬಾಯಿಪಾಠ, ಕೇಳದ ಪದವನ್ನೂ ಮನಸ್ಸೇ ತುಂಬಿಕೊಳ್ಳುತ್ತದೆ. ಹಾಡು ಗೊತ್ತಿಲ್ಲದ ಯಾರಿಗಾದರೂ ಕೇಳಿಸಿ, ಸಾಲುಗಳನ್ನು ಬರೆಯಲು ಹೇಳಿ. ಅವರು ತಪ್ಪಿದ ಪದದ ಹತ್ತಿರ ಮಾತ್ರ ಆಟೊಮೇಷನ್‌ನಲ್ಲಿ (ಹಾಡಿನ ಆಯಾ ಜಾಗದಲ್ಲಿ ಮಟ್ಟ ತಾನಾಗಿ ಬದಲಾಗುವಂತೆ ಮಾಡುವ ಸೌಲಭ್ಯ) ಸೆಂಡ್ ಇಳಿಸಿ.