ಸರ್ಪಸುತ್ತಿನ ನರನೋವಿಗೆ ನಾನು ಬ್ಲಾಕ್ ಕೊಡುವ ಬಗೆ

ಸರ್ಪಸುತ್ತಿನ ಗುಳ್ಳೆ ಒಣಗಿ, ಹಕ್ಕಳೆ ಉದುರಿ, ಚರ್ಮ ಸರಿಹೋದ ಮೇಲೂ ಉರಿ ಮಾತ್ರ ಬಿಡದೆ ಕಾಡುವುದುಂಟು. ಮೂರು ತಿಂಗಳು ಕಳೆದರೂ ನೋವು ಉಳಿದರೆ ಅದಕ್ಕೆ ನಾವು ಪಿ.ಎಚ್.ಎನ್. (ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ, ಸರ್ಪಸುತ್ತಿನ ನಂತರದ ನರನೋವು) ಅನ್ನುತ್ತೇವೆ. ನಾನು ಅರಿವಳಿಕೆ ವೈದ್ಯ. ವರ್ಷಗಟ್ಟಲೆ ಆಪರೇಷನ್ ಥಿಯೇಟರಿನಲ್ಲೇ ಇದ್ದವನು, ಈಗ ಮಧ್ಯಾಹ್ನದ ಹೊತ್ತು ಪೇನ್ ಕ್ಲಿನಿಕ್ ನಡೆಸುತ್ತೇನೆ. ಅಲ್ಲಿಗೆ ಬರುವವರಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚುವವರು ಇವರೇ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಎಷ್ಟೋ ಸಲ ಮನೆಯವರೇ ನಂಬುವುದಿಲ್ಲ.

ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ತಂದ ವೈರಸ್ ವಾಸಿಯಾದ ಮೇಲೆ ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಸುಮ್ನೆ ಉಳಿದಿರುತ್ತದೆ. ವಯಸ್ಸಾದಾಗ, ಮೈಯ ರೋಗನಿರೋಧಕ ಶಕ್ತಿ ಕುಂದಿದಾಗ ಮತ್ತೆ ಎದ್ದು, ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. ಅದಕ್ಕೇ ಗುಳ್ಳೆಗಳು ಮೈಯ ಒಂದೇ ಬದಿಯಲ್ಲಿ ಪಟ್ಟಿಯಾಗಿ ಏಳುತ್ತವೆ. ಹಾವಿನ ತಲೆ ಬಾಲ ಕೂಡಿದರೆ ಪ್ರಾಣಕ್ಕೆ ಅಪಾಯ ಅಂತ ನಮ್ಮ ಕಡೆ ಹೆದರುತ್ತಾರಲ್ಲ, ಹೆದರಬೇಕಿಲ್ಲ. ಆ ನರ ಮೈಯ ನಡುಗೆರೆಗೆ ಬಂದು ಮುಗಿಯುತ್ತದೆ, ಪಟ್ಟಿಯೂ ಅಲ್ಲೇ ನಿಲ್ಲುತ್ತದೆ. ಮಣ್ಣು ಹಚ್ಚಿಸಿಕೊಂಡು, ಮಂತ್ರ ಹಾಕಿಸಿಕೊಂಡು ಬಂದವರನ್ನು ನಾನು ಬೈಯುವುದಿಲ್ಲ. ಆದರೆ ವೈರಸ್ಸಿನ ಮಾತ್ರೆ ಶುರುವಾಗಬೇಕಾದ್ದು ಗುಳ್ಳೆ ಎದ್ದ 72 ಗಂಟೆಯೊಳಗೆ. ಆ ಮೂರು ದಿನ ಬೇರೆ ಕಡೆ ಕಳೆದುಹೋಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಮೊದಲ ಭೇಟಿಯಲ್ಲಿ ನಾನು ಸೂಜಿ ಕೈಗೆತ್ತಿಕೊಳ್ಳುವುದಿಲ್ಲ. ಚೂರು ಹತ್ತಿ, ಒಂದು ಸ್ಕೆಚ್ ಪೆನ್ನು, ಅಷ್ಟೇ. ನೋವಿಲ್ಲದ ಜಾಗದಿಂದ ಹತ್ತಿಯನ್ನು ಮೆಲ್ಲಗೆ ಎಳೆಯುತ್ತಾ ಬರುತ್ತೇನೆ. ಎಲ್ಲಿ ಮುಖ ಹಿಂಡುತ್ತಾರೋ ಅಲ್ಲಿ ಚುಕ್ಕಿ ಇಡುತ್ತೇನೆ. ನಾಲ್ಕೂ ಕಡೆಯಿಂದ ಚುಕ್ಕಿ ಇಟ್ಟು ಕೂಡಿಸಿದರೆ ಯಾವ ನರ ಅನ್ನುವುದು ಗೊತ್ತಾಗುತ್ತದೆ. ಮೊಲೆತೊಟ್ಟಿನ ಮಟ್ಟ ಎದೆಯ ನಾಲ್ಕನೇ ನರದ್ದು, ಹೊಕ್ಕುಳ ಹತ್ತನೆಯದ್ದು. ಗೆರೆಯೊಳಗೆ ಕೆಲವು ಕಡೆ ಹತ್ತಿ ತಾಗಿದ್ದೇ ಗೊತ್ತಾಗುವುದಿಲ್ಲ, ಜೋಮು ಹಿಡಿದಿರುತ್ತದೆ. ಹತ್ತಿ ತಾಗಿದರೆ ಉರಿಯುವವರಿಗೆ ಬ್ಲಾಕ್‌ನಿಂದ, ಅಂದರೆ ನರದ ಹತ್ತಿರ ಮರಗಟ್ಟಿಸುವ ಔಷಧ ಬಿಡುವ ಇಂಜೆಕ್ಷನ್ನಿನಿಂದ, ಚೆನ್ನಾಗಿ ಗುಣ ಸಿಗುತ್ತದೆ, ಪೂರ್ತಿ ಜೋಮಾಗಿ ವರ್ಷಗಳಿಂದ ಒಳಗೊಳಗೇ ನೋಯುವವರಿಗೆ ಕಡಿಮೆ. ಇದು ನಾನು ಕಂಡುಕೊಂಡದ್ದು.

ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಸಣಕಲು ಮೈ, ಎಡ ಎದೆಯ ಕೆಳಗೆ ಬೆನ್ನಿನವರೆಗೂ ನೋವು. ಎದೆನೋವು ಅಂದಕೂಡಲೇ ಎಲ್ಲ ಕಡೆ ಇ.ಸಿ.ಜಿ. ಮಾಡಿ ಕಳಿಸಿದ್ದರು. ರವಿಕೆ ತೊಡಲು ಆಗದೆ, ಸೀರೆಯ ಸೆರಗನ್ನು ಕೈಯಲ್ಲಿ ದೂರ ಹಿಡಿದುಕೊಂಡೇ ಕೂತಿದ್ದರು. "ಸೆರಗು ತಾಗಿದ್ರೂ ಬೆಂಕಿ ಇಟ್ಟಂಗಾಗ್ತದೆ ಡಾಕ್ಟ್ರೇ, ನಿದ್ದೆ ಅನ್ನೋದೇ ಇಲ್ಲ" ಅಂದರು. ನರನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮಾತ್ರೆ ನಡೆಯುತ್ತಿತ್ತು. ಡೋಸು ಏರಿಸಿದರೆ ತಲೆಸುತ್ತು, ರಾತ್ರಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯಬೇಕು. ಇಳಿಸಿದರೆ ಉರಿ. ವಯಸ್ಸಾದವರ ವಿಷಯದಲ್ಲಿ ನಾನು ಇಂಜೆಕ್ಷನ್ ಕಡೆ ವಾಲುವುದು ಇದೇ ಕಾರಣಕ್ಕೆ. ಬಿದ್ದು ಸೊಂಟ ಮುರಿದುಕೊಂಡರೆ ನರನೋವಿಗಿಂತ ದೊಡ್ಡ ಕಷ್ಟ.

ಮಗ ಜೊತೆಗಿದ್ದರು. "ಒಂದು ಇಂಜೆಕ್ಷನ್ ಹಾಕಿ ಪೂರ್ತಿ ವಾಸಿ ಮಾಡಿಬಿಡಿ ಸಾರ್" ಅಂದರು. ಅವರನ್ನು ಕೂರಿಸಿ ಬಿಡಿಸಿ ಹೇಳಿದೆ. ವೈರಸ್ ನರವನ್ನು ಆಗಲೇ ಹಾಳು ಮಾಡಿದೆ, ಅದನ್ನು ಇಂಜೆಕ್ಷನ್ ಹೊಸದು ಮಾಡುವುದಿಲ್ಲ. ಉರಿ ಇಳಿಸುತ್ತದೆ, ನಿದ್ದೆ ಕೊಡುತ್ತದೆ, ಮಾತ್ರೆ ಕಡಿಮೆ ಮಾಡಲು ದಾರಿಯಾಗುತ್ತದೆ. ಕೆಲವರಿಗೆ ಕೆಲಸ ಮಾಡುವುದೂ ಇಲ್ಲ. ಇಷ್ಟು ಹೇಳದೆ ನಾನು ಯಾರಿಗೂ ಸಹಿ ಹಾಕಿಸುವುದಿಲ್ಲ.

ಮುಂಚೆ ಇಂಥವರಿಗೆ ಪಕ್ಕೆಲುಬಿನ ನರಕ್ಕೇ ನೇರವಾಗಿ ಬ್ಲಾಕ್ ಕೊಡುತ್ತಿದ್ದೆ. ಪಕ್ಕೆಲುಬಿನ ಕೆಳ ಅಂಚಿನಲ್ಲಿ ಮೇಲೆ ಅಶುದ್ಧ ರಕ್ತನಾಳ, ನಡುವೆ ಶುದ್ಧ ರಕ್ತನಾಳ, ಕೆಳಗೆ ನರ, ಹೀಗೆ ಮೂರೂ ಅಂಟಿಕೊಂಡೇ ಹೋಗುತ್ತವೆ. ಸ್ವಲ್ಪ ಆಳಕ್ಕೆ ಹೋದರೆ ಶ್ವಾಸಕೋಶದ ಪೊರೆ. ಮೂರ್ನಾಲ್ಕು ನರಕ್ಕೆ ಮೂರ್ನಾಲ್ಕು ಸಲ ಚುಚ್ಚಬೇಕು. ಈಗಲೂ ಅದನ್ನು ಬಿಟ್ಟಿಲ್ಲ, ಆದರೆ ಎದೆಯ ಭಾಗಕ್ಕೆ ಮೊದಲು ನೆನಪಾಗುವುದು ಇ.ಎಸ್.ಪಿ. ಬ್ಲಾಕ್. ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಎರೆಕ್ಟರ್ ಸ್ಪೈನೆ ಅನ್ನುವ ಸ್ನಾಯುವಿನ ಅಡಿಗೆ ಔಷಧ ಬಿಡುವ ವಿಧಾನ ಇದು. 2016ರಲ್ಲಿ ಕೆನಡಾದ ವೈದ್ಯ ಮೌರಿಸಿಯೋ ಫೊರೆರೊ ಮತ್ತು ಅವರ ಜೊತೆಯವರು ಇದನ್ನು ಮೊದಲು ಬರೆದರು, ಅದೂ ಎದೆಯ ನರನೋವಿಗಾಗಿಯೇ. ಆಪರೇಷನ್ ನಂತರದ ನೋವಿಗೆ ಇದು ಹೆಸರಾದದ್ದು ಆಮೇಲೆ.

ಅಜ್ಜಿಯನ್ನು ಟೇಬಲ್ ಅಂಚಿನಲ್ಲಿ ಕೂರಿಸಿ, ಮುಂದೆ ದಿಂಬು ಇಟ್ಟು ಅದರ ಮೇಲೆ ಬಾಗಿಸಿದೆ. ಕೈಗೆ ಡ್ರಿಪ್ ಸೂಜಿ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್, ಬಿ.ಪಿ. ಪಟ್ಟಿ, ಇಷ್ಟಿಲ್ಲದೆ ಶುರು ಮಾಡುವುದೇ ಇಲ್ಲ. ಹೆಗಲಮೂಳೆಯ ಕೆಳತುದಿ ಸುಮಾರು ಏಳನೇ ಎದೆಮಣಿಯ (ಎದೆಯ ಭಾಗದ ಬೆನ್ನುಮೂಳೆಯ ಮಣಿ) ಮಟ್ಟದಲ್ಲಿರುತ್ತದೆ. ಅಲ್ಲಿಂದ ಮೇಲಕ್ಕೆ ಎಣಿಸಿ ಐದನೆಯದಕ್ಕೆ ಬಂದೆ. ಅಲ್ಟ್ರಾಸೌಂಡ್ ಪ್ರೋಬನ್ನು ಬೆನ್ನುಮೂಳೆಯ ನಡುಗೆರೆಯಿಂದ ಸುಮಾರು 3 ಸೆಂ.ಮೀ. ಪಕ್ಕಕ್ಕೆ ಉದ್ದುದ್ದ ಇಟ್ಟೆ.

ಇಲ್ಲಿ ಕಣ್ಣು ಪಳಗಬೇಕು. ಪ್ರೋಬ್ ಪಕ್ಕಕ್ಕೆ ಜಾಸ್ತಿ ಸರಿದಿದ್ದರೆ ಕಾಣುವುದು ಪಕ್ಕೆಲುಬು. ದುಂಡಗಿರುತ್ತದೆ, ಎರಡು ಪಕ್ಕೆಲುಬಿನ ನಡುವೆ ಶ್ವಾಸಕೋಶದ ಪೊರೆ ಉಸಿರಿಗೆ ತಕ್ಕಂತೆ ಮಿನುಗುತ್ತಾ ಸರಿದಾಡುತ್ತದೆ. ಅಲ್ಲಿ ಸೂಜಿ ಹಾಕುವಂತಿಲ್ಲ. ಪ್ರೋಬನ್ನು ನಡುಗೆರೆಯ ಕಡೆಗೆ ಚೂರೇ ಚೂರು ತಂದರೆ ಆ ದುಂಡು ಹೋಗಿ, ಚಪ್ಪಟೆ ತಲೆಯ ಅಗಲವಾದ ಮೂಳೆ ಬರುತ್ತದೆ. ಅದು ಬೆನ್ನುಮೂಳೆಯ ಅಡ್ಡಚಾಚು. ನನಗೆ ಬೇಕಾದ್ದು ಅದೇ. ಅದರ ಮೇಲೆ ಮೂರು ಸ್ನಾಯುಗಳ ಪದರ, ಎಲ್ಲಕ್ಕಿಂತ ಕೆಳಗಿನದು ಎರೆಕ್ಟರ್ ಸ್ಪೈನೆ.

ಚರ್ಮ ಮರಗಟ್ಟಲು ಚೂರು ಲಿಗ್ನೊಕೇನ್ ಕೊಟ್ಟು, 22 ಗೇಜಿನ ಸೂಜಿಯನ್ನು ತಲೆಯ ಕಡೆಯಿಂದ ಕಾಲಿನ ಕಡೆಗೆ ಓರೆಯಾಗಿ ಇಳಿಸಿದೆ. ಸೂಜಿಯ ತುದಿ ಪರದೆಯ ಮೇಲೆ ಕಾಣದಿದ್ದರೆ ಕೈ ಅಲ್ಲೇ ನಿಲ್ಲಬೇಕು. ಮೂಳೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಮೊದಲು ಒಂದೆರಡು ಮಿ.ಲೀ. ಸಲೈನ್ ಬಿಟ್ಟು ನೋಡಿದೆ. ಸ್ನಾಯು ಮೂಳೆಯಿಂದ ಎದ್ದಿತು, ನಡುವೆ ಕಪ್ಪು ಪಟ್ಟಿ ತೆರೆದುಕೊಂಡಿತು. ಪಟ್ಟಿ ಹೀಗೆ ತೆರೆಯದೆ ಸ್ನಾಯುವೇ ಊದಿಕೊಂಡರೆ ಸೂಜಿ ಇನ್ನೂ ಸರಿಯಾದ ಜಾಗಕ್ಕೆ ಬಂದಿಲ್ಲ ಅಂತ ಅರ್ಥ. ಆಮೇಲೆ ಮರಗಟ್ಟಿಸುವ ಔಷಧವಾದ 0.2 ಪರ್ಸೆಂಟ್ ರೋಪಿವಕೇನ್ 20 ಮಿ.ಲೀ., ಅದರ ಜೊತೆ 4 ಮಿ.ಗ್ರಾಂ. ಡೆಕ್ಸಾಮೆಥಸೋನ್ ಅನ್ನುವ ಸ್ಟೆರಾಯ್ಡ್. ಐದೈದು ಮಿ.ಲೀ.ಗೊಮ್ಮೆ ನಿಲ್ಲಿಸಿ, ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಅಂತ ನೋಡುತ್ತಾ, "ಅಜ್ಜಿ, ತುಟಿ ಜುಮ್ ಅಂತಿದೆಯಾ? ಕಿವಿ ಗುಂಯ್ ಅಂತಿದೆಯಾ?" ಅಂತ ಕೇಳುತ್ತಾ ಹೋದೆ. ಔಷಧ ರಕ್ತಕ್ಕೆ ಜಾಸ್ತಿ ಸೇರಿದರೆ ಮೊದಲು ಕಾಣುವ ಗುರುತುಗಳಲ್ಲಿ ಇವೂ ಸೇರಿವೆ. ಅಂಥ ಹೊತ್ತಿಗೆ ಬೇಕಾಗುವ 20 ಪರ್ಸೆಂಟ್ ಲಿಪಿಡ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ಬಾಟಲಿ ಕೋಣೆಯಲ್ಲೇ ಇರಬೇಕು. ಫಾರ್ಮಸಿಯಲ್ಲಿದೆ, ತರಿಸೋಣ ಅನ್ನುವುದು ನಡೆಯುವುದಿಲ್ಲ.

ಸುಮಾರು ಅರ್ಧ ಗಂಟೆ ಮಲಗಿಸಿ, ಅದೇ ಹತ್ತಿಯಿಂದ ಮತ್ತೆ ನೋಡಿದೆ. ಪೆನ್ನಿನ ಗೆರೆ ಹಾಗೇ ಇತ್ತು. ಹತ್ತಿ ಅದನ್ನು ದಾಟಿ ಮುಕ್ಕಾಲು ಭಾಗ ಹೋದರೂ ಅವರು ಏನೂ ಅನ್ನಲಿಲ್ಲ. ಪಕ್ಕೆಯ ಮುಂಭಾಗದಲ್ಲಿ ಒಂದು ಅಂಗೈಯಷ್ಟು ಜಾಗ ಉರಿ ಉಳಿದಿತ್ತು. ಈ ಬ್ಲಾಕಿನ ಕೊರತೆಯೇ ಇದು, ಔಷಧ ಮುಂದಿನವರೆಗೆ ಒಂದೇ ಸಮ ಹರಡುವುದಿಲ್ಲ.

ಮರಗಟ್ಟಿಸುವ ಔಷಧದ ಪ್ರಭಾವ ಕೆಲವೇ ಗಂಟೆಗಳದ್ದು. ಆದರೂ ಉರಿ ಇಳಿದದ್ದು ಎಷ್ಟೋ ದಿನ ಹಾಗೇ ಉಳಿಯುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಹಗಲು ರಾತ್ರಿ ಬರುತ್ತಿದ್ದ ನೋವಿನ ಸಂಕೇತ ಸ್ವಲ್ಪ ಹೊತ್ತು ನಿಂತರೆ, ಕೆರಳಿ ಕೂತ ಬೆನ್ನುಹುರಿಯ ನರಕೋಶಗಳಿಗೆ ವಿರಾಮ ಸಿಗುತ್ತದೆ ಅನ್ನುವುದು ನಾವು ಕೊಡುವ ವಿವರಣೆ. ಅಜ್ಜಿಗೆ ಎರಡು ವಾರ ಬಿಟ್ಟು ಇನ್ನೊಂದು ಬ್ಲಾಕ್ ಕೊಟ್ಟೆ. ಉಳಿದ ಜಾಗಕ್ಕೆ ಪಕ್ಕೆಲುಬಿನ ನರದ ಬ್ಲಾಕನ್ನೂ ಸೇರಿಸಿದೆ. ಪ್ರಿಗ್ಯಾಬಲಿನ್ ನಿಧಾನವಾಗಿ ಅರ್ಧಕ್ಕೆ ಇಳಿಯಿತು. ರಾತ್ರಿಯ ಚಿಕ್ಕ ಮಾತ್ರೆ ಮುಂದುವರಿದಿದೆ. ಉರಿ ಪೂರ್ತಿ ಹೋಗಿಲ್ಲ, ಆದರೆ ರವಿಕೆ ತೊಡುತ್ತಾರೆ, ರಾತ್ರಿ ನಿದ್ದೆ ಮಾಡುತ್ತಾರೆ. ನನಗೆ ಅದು ಸಣ್ಣ ವಿಷಯವಲ್ಲ.

ಎರಡು ಬ್ಲಾಕ್ ಆದಮೇಲೂ ಏನೂ ಗುಣ ಕಾಣದಿದ್ದರೆ ಮೂರನೆಯದಕ್ಕೆ ನಾನು ಕೈ ಹಾಕುವುದಿಲ್ಲ. ಅಂಥವರ ಜೊತೆ ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿ ಬಗ್ಗೆ ಮಾತಾಡುತ್ತೇನೆ. ಸೂಜಿಯ ಮೂಲಕ ನರದ ಹತ್ತಿರ ರೇಡಿಯೋ ಅಲೆಯ ವಿದ್ಯುತ್ತನ್ನು ಬಿಟ್ಟು ಬಿಟ್ಟು ಹಾಯಿಸಿ, ನರವನ್ನು ಸುಡದೆ, ಸೂಜಿಯ ತುದಿಯ ಬಿಸಿ 42 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಂಡು ಮಾಡುವ ವಿಧಾನ ಅದು.

ಗುಳ್ಳೆ ಇರುವಾಗಲೇ ಇಂಜೆಕ್ಷನ್ ಕೊಟ್ಟರೆ ಮುಂದಿನ ನರನೋವು ತಪ್ಪುತ್ತದೆಯಾ ಅಂತ ತುಂಬಾ ಜನ ಕೇಳುತ್ತಾರೆ. ನೆದರ್ಲೆಂಡ್ಸಿನಲ್ಲಿ 50 ದಾಟಿದ 598 ಜನರ ಮೇಲೆ ಇದನ್ನೇ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಬೆನ್ನಿಗೆ ಒಂದು ಎಪಿಡ್ಯೂರಲ್ ಇಂಜೆಕ್ಷನ್ (ಬೆನ್ನುಹುರಿಯ ಹೊರಪೊರೆಯ ಹೊರಗೆ ಔಷಧ ಬಿಡುವುದು) ಪಡೆದವರಲ್ಲಿ ತಿಂಗಳ ಕೊನೆಗೆ ನೋವು ಉಳಿದದ್ದು 48 ಪರ್ಸೆಂಟ್ ಜನಕ್ಕೆ, ಪಡೆಯದವರಲ್ಲಿ 58. ಮೂರು ತಿಂಗಳ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಹಾಗಾಗಿ ಗುಳ್ಳೆ ಇರುವಾಗ ಸಹಿಸಲಾಗದ ನೋವಿದ್ದರೆ ಆ ನೋವಿಗಾಗಿ ಇಂಜೆಕ್ಷನ್ ಕೊಡುತ್ತೇನೆ, ಮುಂದೆ ತಪ್ಪಿಸುತ್ತೇನೆ ಅಂತ ಮಾತು ಕೊಡುವುದಿಲ್ಲ. ತಪ್ಪಿಸಲು ಲಸಿಕೆ ಇದೆ. ಶಿಂಗ್ರಿಕ್ಸ್ 2023ರಲ್ಲಿ ಭಾರತಕ್ಕೆ ಬಂತು. 50 ದಾಟಿದವರಿಗೆ ಎರಡು ಡೋಸು, ನಡುವೆ ಎರಡರಿಂದ ಆರು ತಿಂಗಳ ಅಂತರ. ದುಬಾರಿ ನಿಜ, ಆದರೂ ಅನುಕೂಲ ಇದ್ದವರಿಗೆ ನಾನು ಒತ್ತಿ ಹೇಳುತ್ತೇನೆ.

ಬ್ಲಾಕ್ ಮಾಡಿಸಿಕೊಳ್ಳಲು ಹೋಗುವವರು ತಾವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ, ಆದರೆ ಹೃದಯದ ಡಾಕ್ಟರನ್ನು ಕೇಳದೆ ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಸ್ಟೆರಾಯ್ಡ್ ಕೊಟ್ಟ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುತ್ತಿರಿ. ಜ್ವರ ಬಂದರೆ, ಚುಚ್ಚಿದ ಜಾಗ ಕೆಂಪಾದರೆ, ಉಸಿರಾಡಲು ಕಷ್ಟ ಅನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಪೇನ್ ಕ್ಲಿನಿಕ್ ಎಲ್ಲಿದೆ ಅಂತ ತಿಳಿಯದಿದ್ದರೆ ಹತ್ತಿರದ ಮೆಡಿಕಲ್ ಕಾಲೇಜಿನ ಅರಿವಳಿಕೆ ವಿಭಾಗದಲ್ಲಿ ವಿಚಾರಿಸಿ.