ಕೊಳಲು ಕಲಿಯುವುದು ಹೇಗೆ? ಮೊದಲು ಉಸಿರು, ಆಮೇಲೆ ಬೆರಳು

ಕೆಲಸ, ಸಂಸಾರ ಒಂದು ಹದಕ್ಕೆ ಬಂದ ಮೇಲೆ ಕೊಳಲು ಹಿಡಿಯುವವರು ಹಾಸನದಲ್ಲಿ ಅನೇಕರಿದ್ದಾರೆ. ಕೆಲವೇ ತಿಂಗಳಲ್ಲಿ ಅದನ್ನು ಕಪಾಟಿಗೆ ಸೇರಿಸುವವರನ್ನೂ ನೋಡುತ್ತಲೇ ಬಂದಿದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ. ಊದುವುದು ಬರುವ ಮೊದಲೇ ಬೆರಳಾಡಿಸಲು ಹೊರಡುತ್ತಾರೆ, ಸಿನಿಮಾ ಹಾಡಿಗೆ ಕೈ ಹಾಕುತ್ತಾರೆ, ಕೀರಲು ದನಿ ಕೇಳಿ ‘ವಯಸ್ಸಾಯಿತು, ಉಸಿರು ಸಾಲದು’ ಎಂದು ಕೈಚೆಲ್ಲುತ್ತಾರೆ. ಆರೋಗ್ಯವಾಗಿರುವ ಐವತ್ತರ ಎದೆಯ ಉಸಿರು ಕೊಳಲಿಗೆ ಧಾರಾಳವಾಗಿ ಸಾಕು.

ಕೊಳ್ಳುವಾಗ

ಕರ್ನಾಟಕ ಶೈಲಿಯ ಕೊಳಲನ್ನೇ ಕೇಳಿ ಪಡೆಯಿರಿ: ಊದಲು ಒಂದು ರಂಧ್ರ, ಬೆರಳಿನ ಕಡೆ ಎಂಟು. ಆನ್‌ಲೈನಿನಲ್ಲಿ ಚಂದದ ಚೀಲದೊಂದಿಗೆ ಬರುವುದು ಹೆಚ್ಚಾಗಿ ಆರು ರಂಧ್ರದ ಹಿಂದೂಸ್ತಾನಿ ಬಾನ್ಸುರಿ. ಇಲ್ಲಿನ ಪಾಠದ ಬೆರಳು ಅದಕ್ಕೆ ಹೊಂದುವುದಿಲ್ಲ. ಜಾತ್ರೆಯ ಕೊಳಲು ಮಕ್ಕಳಿಗಿರಲಿ, ಅದರ ಸ್ವರಗಳು ಶ್ರುತಿಗೆ ಕೂಡುವುದು ಅಪರೂಪ. ಐದು ಮನೆ ಶ್ರುತಿಯದು (ಪಾಶ್ಚಾತ್ಯ ಲೆಕ್ಕದಲ್ಲಿ G) ಹೊಸಬರಿಗೆ ಹಿತ. ಕೆಳಶ್ರುತಿಯ ಉದ್ದ ಕೊಳಲಿನ ದನಿ ಗಂಭೀರವಾದರೂ ಪಳಗದ ಬೆರಳಿಗೆ ಅದರ ರಂಧ್ರಗಳು ನಿಲುಕುವುದಿಲ್ಲ. ಊದಿ ತೋರಿಸದ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ಗುರು

ಗಾಯನದ ಬೇರು ಆಳವಾಗಿರುವ ಜಿಲ್ಲೆ ಇದು. ಕರ್ನಾಟಕ ಸಂಗೀತದ ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ರುದ್ರಪಟ್ಟಣ ಇಲ್ಲಿಯ ಅರಕಲಗೂಡು ತಾಲ್ಲೂಕಿನಲ್ಲೇ ಇದೆ. ಕೊಳಲಿನ ಗುರು ಹತ್ತಿರ ಸಿಗದಿದ್ದರೆ ಗಾಯನದ ಗುರುವನ್ನಾದರೂ ಹಿಡಿಯಿರಿ, ಬರೀ ವಿಡಿಯೊ ನಂಬಬೇಡಿ. ಬಾಯಲ್ಲಿ ಹಾಡಲು ಬಾರದ ಸರಳೆ (ಮೊದಲ ಸ್ವರಪಾಠ) ಕೊಳಲಿನಲ್ಲೂ ಬರುವುದಿಲ್ಲ.

ಊದುವುದು

ಇಲ್ಲಿ ಅವಸರ ಬೇಡ. ಹಳೇಬೀಡಿನ ವೇಣುಗೋಪಾಲನನ್ನು ಕಣ್ತುಂಬಿಕೊಂಡು ಬಂದವರು ಅವನಂತೆಯೇ ಸೊಂಟ ಬಾಗಿಸಿ, ಕತ್ತು ವಾಲಿಸಿ ನಿಲ್ಲುತ್ತಾರೆ. ಶಿಲ್ಪಕ್ಕೆ ಅದು ಸೊಗಸು, ಕಲಿಯುವವರಿಗೆ ಕತ್ತುನೋವು. ಚಕ್ಕಳಮಕ್ಕಳ ಹಾಕಿ ಬೆನ್ನು ನೆಟ್ಟಗೆ ಮಾಡಿ ಕುಳಿತು, ಎದುರಿಗೆ ಕನ್ನಡಿ ಇಟ್ಟುಕೊಳ್ಳಿ.

ಊದುರಂಧ್ರವನ್ನು ಎರಡೂ ತುಟಿಗಳ ನಡುವೆ ಒತ್ತಿ ಹಿಡಿಯಿರಿ. ಈಗ ರಂಧ್ರ ಮೇಲ್ಮುಖವಾಗುವಂತೆ ಕೊಳಲನ್ನು ಮೆಲ್ಲಗೆ ಹೊರಕ್ಕೆ ಉರುಳಿಸಿ. ಕೆಳತುಟಿ ರಂಧ್ರದ ಕಾಲು ಭಾಗವನ್ನು ಮುಚ್ಚಿದಾಗ ನಿಲ್ಲಿಸಿ. ತುಟಿಗಳ ನಡುವೆ ಅಕ್ಕಿಕಾಳಿನಷ್ಟು ಸಂದು ಸಾಕು. ಉಸಿರು ರಂಧ್ರದೊಳಗೆ ನೇರವಾಗಿ ಇಳಿಯಬಾರದು. ಆಚೆ ಬದಿಯ ಅಂಚಿಗೆ ಬಡಿದು ಸೀಳಬೇಕು. ದನಿ ಹುಟ್ಟುವುದು ಆ ಅಂಚಿನಲ್ಲಿ.

ಬುಸುಗುಟ್ಟುತ್ತಿದ್ದರೆ ತುಟಿಯ ಸಂದು ದೊಡ್ಡದಾಗಿದೆ. ದನಿ ಮಂಕಾಗಿ ಶ್ರುತಿಗಿಂತ ಕೆಳಗೆ ಕುಳಿತರೆ ತುಟಿ ರಂಧ್ರವನ್ನು ಹೆಚ್ಚು ಮುಚ್ಚಿದೆ. ಕೀರಲಾಗಿ ಮೇಲಿನ ಸ್ಥಾಯಿಗೆ ಹಾರಿದರೆ ಉಸಿರಿನ ರಭಸ ಹೆಚ್ಚಾಗಿದೆ. ಒಮ್ಮೆಗೆ ಒಂದನ್ನೇ ತಿದ್ದಿ. ಕೆನ್ನೆ ಉಬ್ಬಬಾರದು. ತಲೆ ಸುತ್ತಿದರೆ ಕೊಳಲು ಕೆಳಗಿಟ್ಟು ಸುಧಾರಿಸಿಕೊಳ್ಳಿ. ಆರಂಭದಲ್ಲಿ ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ಗಾಳಿ ಸುರಿಯುವುದರಿಂದ ಹೀಗಾಗುತ್ತದೆ. ರಂಧ್ರಗಳನ್ನೆಲ್ಲ ತೆರೆದಿಟ್ಟು, ಅದೇ ದನಿ ಕರೆದಾಗಲೆಲ್ಲ ಬರುವ ತನಕ ಇಷ್ಟೇ ಮಾಡಿ. ಅದಕ್ಕೆ ವಾರಗಳೇ ಹಿಡಿದರೂ ಹಿಡಿಯಲಿ.

ಬೆರಳು

ಊದುರಂಧ್ರಕ್ಕೆ ಹತ್ತಿರದ ಎರಡು ರಂಧ್ರ ಮುಚ್ಚಿದರೆ ಷಡ್ಜ, ಅಂದರೆ ‘ಸ’. ಮೊಬೈಲಿನಲ್ಲಿ ತಂಬೂರಿ ಹಾಕಿಕೊಂಡು ಅದರಲ್ಲೇ ನಿಲ್ಲಿ. ಬಳಿಕ ಒಂದೊಂದೇ ಬೆರಳು ಸೇರಿಸುತ್ತ ಕೆಳಕ್ಕೆ ಇಳಿಯಿರಿ. ಎಡಗೈಯ ಮೂರು, ಬಲಗೈಯ ನಾಲ್ಕು ಬೆರಳು ಸಾಕು, ಎಂಟನೆಯ ರಂಧ್ರ ತೆರೆದೇ ಇರುತ್ತದೆ. ತುದಿಯಿಂದ ಚುಚ್ಚದೆ ಬೆರಳಿನ ಮೆತ್ತನೆಯ ಭಾಗದಿಂದ ಮುಚ್ಚಿ. ದನಿ ಒಡೆದರೆ ಬೆರಳೆತ್ತಿ ನೋಡಿ: ಚರ್ಮದ ಮೇಲೆ ರಂಧ್ರದ ಅಚ್ಚು ಪೂರ್ತಿ ದುಂಡಗೆ ಮೂಡಿರಬೇಕು. ಅರ್ಧಚಂದ್ರ ಕಂಡರೆ ಗಾಳಿ ಸೋರುತ್ತಿರುವುದು ಅಲ್ಲೇ. ಬಲಗೈ ಕೆಲಸಕ್ಕೆ ಇಳಿದೊಡನೆ ಎಡಗೈಯ ಉಂಗುರ ಬೆರಳು ಸದ್ದಿಲ್ಲದೆ ಜರುಗುವುದೇ ಹೆಚ್ಚು.

ಪಾಠ

ಸರಳೆ, ಜಂಟಿ (ಜೋಡಿ ಸ್ವರಗಳ ಪಾಠ), ಅಲಂಕಾರ (ತಾಳಗಳಿಗೆ ಕೂಡಿಸಿದ ಸ್ವರಪಾಠ), ಗೀತೆ ಎಂಬ ಕ್ರಮ ಬದಲಿಸಬೇಡಿ. ಮೊದಲ ಪಾಠಗಳನ್ನು ಸಾಮಾನ್ಯವಾಗಿ ಕಲಿಸುವುದು ಮಾಯಾಮಾಳವಗೌಳ ರಾಗದಲ್ಲಿ. ಅದರ ಶುದ್ಧ ರಿಷಭ, ಶುದ್ಧ ಧೈವತಕ್ಕೆ (‘ರಿ’, ‘ಧ’ಗಳ ತಗ್ಗಿನ ರೂಪ) ರಂಧ್ರವನ್ನು ಅರ್ಧ ಮುಚ್ಚಬೇಕಾಗುತ್ತದೆ. ಹೊಸ ಬೆರಳಿಗೆ ಅದು ಕಷ್ಟ. ಹಾಗಾಗಿ ಹರಿಕಾಂಬೋಜಿ ರಾಗದಲ್ಲಿ ಮೊದಲು ಬೆರಳು ಪಳಗಿಸುವ ಪಾಠವೇ ನನಗೆ ಮೆಚ್ಚು. ಜೊತೆಗೆ ‘ಮಾಲಿ’ ಎಂದೇ ಹೆಸರಾದ ಟಿ.ಆರ್. ಮಹಾಲಿಂಗಂ (1926–1986) ಅವರ ವಾದನವನ್ನು ಕೇಳುತ್ತಿರಿ. ಗಮಕಗಳನ್ನು, ಅಂದರೆ ಸ್ವರದ ಓಲಾಟವನ್ನು, ಕೊರಳಿನಿಂದ ಬಂದಂತೆಯೇ ಬಿದಿರಿನಲ್ಲಿ ನುಡಿಸಿದವರು ಅವರು.

ಆರೈಕೆ

ನುಡಿಸಿದ ಮೇಲೆ ಕಡ್ಡಿಗೆ ಬಟ್ಟೆ ಸುತ್ತಿ ಒಳಗಿನ ತೇವ ಒರೆಸಿ. ಸಕಲೇಶಪುರದ ಕಡೆಯವರು ಮಳೆಗಾಲದಲ್ಲಿ ಇದನ್ನು ಮರೆತರೆ ಬೂಸ್ಟು ಹಿಡಿಯುವುದು ಖಂಡಿತ. ಆಗಾಗ ಒಳಗೆ ತೆಳ್ಳಗೆ ಎಣ್ಣೆ ಸವರಿ, ಊದುರಂಧ್ರದ ಅಂಚಿಗೆ ಮಾತ್ರ ಸೋಕಿಸಬೇಡಿ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಬಿದಿರು ಸೀಳುತ್ತದೆ. ಸಣ್ಣ ಸೀಳಾದರೆ ಗಟ್ಟಿ ದಾರವನ್ನು ಬಿಗಿಯಾಗಿ ಸುತ್ತಿಸಿ. ಸೀಳು ಊದುರಂಧ್ರದವರೆಗೆ ಬಂದಿದ್ದರೆ ಹೊಸದನ್ನೇ ಕೊಳ್ಳಿ.