ಯಾರೂ ಕರೆಯದ ಫಂಕ್ಷನ್: ಲಿನಕ್ಸ್ ಕರ್ನಲ್‌ನಿಂದ ಸತ್ತ ಕೋಡ್ ತೆಗೆಯುವುದು ಹೇಗೆ?

ಲಿನಕ್ಸ್ ಕರ್ನಲ್‌ಗೆ, ಅಂದರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಕೈಹಾಕಲು ಹೊಸಬರು ಹೆದರುತ್ತಾರೆ. ಅಂಥವರಿಗೆ ನಾನು ಹೇಳುವುದು ಒಂದೇ: ಮೊದಲು ಏನನ್ನಾದರೂ ಅಳಿಸಿ. ಯಾರೂ ಕರೆಯದ ಒಂದು ಫಂಕ್ಷನ್ ಹುಡುಕಿ, ಅದು ಬೇಡವೆಂದು ಖಾತ್ರಿ ಮಾಡಿಕೊಂಡು ತೆಗೆಯಿರಿ. ಅಳಿಸುವುದಕ್ಕೆ ಒಂದು ನಿಮಿಷ ಸಾಕು. ಖಾತ್ರಿ ಮಾಡಿಕೊಳ್ಳುವುದಕ್ಕೆ ಇಡೀ ದಿನ ಹೋಗಬಹುದು. ಕರ್ನಲ್ ಒಳಗೆ ಏನು ಎಲ್ಲಿದೆ ಎಂದು ಗೊತ್ತಾಗುವುದೇ ಆ ದಿನ.

ಸುಮ್ನೆ ಬಿದ್ದಿರುವ ಕೋಡ್‌ನಿಂದ ಏನು ತೊಂದರೆ ಅಂತ ಕೇಳಬಹುದು. ತೊಂದರೆ ಇದೆ. ಕರ್ನಲ್ ಒಳಗಿನ ಒಂದು ಫಂಕ್ಷನ್ ಬದಲಾದರೆ ಅದನ್ನು ಬಳಸುವ ಪ್ರತಿ ಜಾಗವನ್ನೂ ತಿದ್ದಬೇಕು. ಸತ್ತ ಕೋಡ್ ಬಳಸುತ್ತಿದ್ದರೆ ಅದನ್ನೂ ತಿದ್ದಬೇಕು, ಅದೂ ಪರೀಕ್ಷಿಸಿ ನೋಡುವ ದಾರಿಯೇ ಇಲ್ಲದೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದ್ದೇ 386 ಪ್ರೊಸೆಸರ್ ಮೇಲೆ. ಅದರ ಕೋಡನ್ನೇ 2013ರ 3.8 ಆವೃತ್ತಿಯಲ್ಲಿ ತೆಗೆದರು. 2018ರ 4.17ರಲ್ಲಿ ಎಂಟು ಹಳೆಯ ಪ್ರೊಸೆಸರ್ ಬಗೆಗಳು ಒಟ್ಟಿಗೆ ಹೋದವು. ನಮಗೆ ಅಷ್ಟು ದೊಡ್ಡ ಕೆಲಸ ಬೇಡ, ಒಂದು ಫಂಕ್ಷನ್ ಸಾಕು.

ಹುಡುಕುವುದು

ಒಂದೇ ಫೈಲ್‌ಗೆ ಸೀಮಿತವಾದ ಸ್ಟ್ಯಾಟಿಕ್ ಫಂಕ್ಷನ್ ಬಳಕೆಯಲ್ಲಿಲ್ಲದಿದ್ದರೆ ಕಂಪೈಲರ್ ತಾನೇ ಎಚ್ಚರಿಸುತ್ತದೆ. ಹಾಗಾಗಿ ಅಂಥವು ಜಾಸ್ತಿ ಉಳಿದಿರುವುದಿಲ್ಲ. ಉಳಿಯುವುದು ಹೆಡರ್ ಫೈಲ್‌ನಲ್ಲಿ (ಹಲವು ಫೈಲ್‌ಗಳು ಹಂಚಿಕೊಳ್ಳುವ ಘೋಷಣೆಗಳ ಫೈಲ್) ಹೆಸರು ಹಾಕಿಸಿಕೊಂಡ ಫಂಕ್ಷನ್‌ಗಳು. ಕಂಪೈಲರ್ ಒಂದು ಸಲಕ್ಕೆ ಒಂದು ಫೈಲ್ ಮಾತ್ರ ನೋಡುವುದರಿಂದ, ಬೇರೆ ಯಾರೋ ಕರೆಯುತ್ತಾರೆ ಎಂದುಕೊಂಡು ಸುಮ್ಮನಾಗುತ್ತದೆ.

ಕರ್ನಲ್ ಮೂಲದ ಮೇಲಿನ ಫೋಲ್ಡರ್‌ನಲ್ಲಿ ನಿಂತು, ಆ ಹೆಸರಿನ ಮೇಲೆ ಗಿಟ್ ಗ್ರೆಪ್ (ಇಡೀ ಕೋಡ್‌ನಲ್ಲಿ ಒಂದು ಪದ ಹುಡುಕುವ ಆಜ್ಞೆ) ಓಡಿಸಿ. ಎರಡೇ ಸಾಲು ಬಂದರೆ, ಒಂದು ಫಂಕ್ಷನ್ ಬರೆದಿರುವ ಜಾಗ, ಇನ್ನೊಂದು ಹೆಡರ್‌ನಲ್ಲಿ ಘೋಷಿಸಿದ ಜಾಗ, ಆಗ ನಿಮ್ಮ ಅನುಮಾನಕ್ಕೆ ಆಧಾರ ಸಿಕ್ಕಿತು. ಸಿ ಫೈಲ್‌ಗಳಲ್ಲಿ ಮಾತ್ರ ಹುಡುಕಬೇಡಿ. ಅಸೆಂಬ್ಲಿ ಫೈಲ್‌ಗಳಿಂದಲೂ ಸಿ ಫಂಕ್ಷನ್‌ಗಳನ್ನು ಕರೆಯುತ್ತಾರೆ.

ಗ್ರೆಪ್ ಕೈಕೊಡುವ ಜಾಗ

ಇಲ್ಲಿ ಸ್ವಲ್ಪ ನಿಲ್ಲಿ. ಹೊಸಬರು ಎಡವುವುದು ಇಲ್ಲೇ. ಒಂದು ಡ್ರೈವರ್‌ನಲ್ಲಿ ಸ್ಪೀಡ್_ಶೋ ಎಂಬ ಫಂಕ್ಷನ್ ಇದೆ ಅನ್ನಿ. ಹೆಸರು ಹುಡುಕಿದರೆ ಅದನ್ನು ಬರೆದ ಒಂದು ಸಾಲು ಬಿಟ್ಟು ಏನೂ ಸಿಗುವುದಿಲ್ಲ. ಸತ್ತಿದೆ ಅನಿಸುತ್ತೆ ಅಲ್ವಾ? ನಾಲ್ಕು ಸಾಲು ಕೆಳಗೆ ನೋಡಿ. ಡಿವೈಸ್_ಆಟ್ರ್_ಆರ್‌ಒ ಎಂಬ ಮ್ಯಾಕ್ರೊ (ಕಂಪೈಲ್‌ಗೆ ಮುಂಚೆ ಬೇರೆ ಕೋಡ್ ಆಗಿ ಬಿಚ್ಚಿಕೊಳ್ಳುವ ಚಿಕ್ಕ ಹೆಸರು) ಇದೆ, ಆವರಣದೊಳಗೆ ಬರೀ ಸ್ಪೀಡ್ ಎಂದಿದೆ. ಆ ಮ್ಯಾಕ್ರೊ ತಾನೇ ಸ್ಪೀಡ್ ಜೊತೆ _ಶೋ ಅಂಟಿಸಿ ಪೂರ್ತಿ ಹೆಸರು ಮಾಡಿಕೊಳ್ಳುತ್ತದೆ. ಫಂಕ್ಷನ್ ಜೀವಂತವಾಗಿದೆ, ಪೂರ್ತಿ ಹೆಸರು ಮಾತ್ರ ಎಲ್ಲೂ ಬರೆದಿಲ್ಲ. ಆದ್ದರಿಂದ ಪೂರ್ತಿ ಹೆಸರಿನ ಜೊತೆಗೆ ಅದರ ಮುಂದಿನ ತುಂಡು, ಹಿಂದಿನ ತುಂಡು ಎರಡನ್ನೂ ಬೇರೆಬೇರೆಯಾಗಿ ಹುಡುಕಿ.

ಇನ್ನೊಂದು ಮಾತು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕರ್ನಲ್ ಬಿಲ್ಡ್ ಆಯಿತು ಎಂದ ಮಾತ್ರಕ್ಕೆ ಫಂಕ್ಷನ್ ಬೇಡ ಎಂದಾಗುವುದಿಲ್ಲ. ನಿಮ್ಮ ಕಾನ್ಫಿಗ್‌ನಲ್ಲಿ (ಯಾವ್ಯಾವ ಭಾಗ ಬಿಲ್ಡ್ ಆಗಬೇಕೆಂಬ ಪಟ್ಟಿ) ಆನ್ ಆಗದ ಆಯ್ಕೆಯ ಹಿಂದೆ ಅದನ್ನು ಕರೆಯುವವರು ಇರಬಹುದು.

ಚರಿತ್ರೆ ಕೇಳಿ

ಕರೆಯುವವರು ಮೊದಲು ಇದ್ದರಾ? ಗಿಟ್ ಲಾಗ್‌ಗೆ ದೊಡ್ಡ ಎಸ್ ಆಯ್ಕೆ ಕೊಟ್ಟು ಫಂಕ್ಷನ್ ಹೆಸರು ಹಾಕಿದರೆ, ಆ ಹೆಸರು ಸೇರಿದ, ಬಿಟ್ಟುಹೋದ ಕಮಿಟ್‌ಗಳು (ಗಿಟ್‌ನಲ್ಲಿ ದಾಖಲಾದ ಬದಲಾವಣೆಗಳು) ಸಾಲಾಗಿ ಬರುತ್ತವೆ. ಕೊನೆಯ ಬಳಕೆ ಯಾವ ಕಮಿಟ್‌ನಲ್ಲಿ ಹೋಯಿತು ಎಂದು ಅಲ್ಲಿ ಸಿಗುತ್ತದೆ. ನಿಮ್ಮ ಪ್ಯಾಚ್‌ಗೆ, ಅಂದರೆ ನೀವು ಕಳಿಸುವ ತಿದ್ದುಪಡಿಗೆ, ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಫಂಕ್ಷನ್ ಇತ್ತೀಚೆಗಷ್ಟೇ ಸೇರಿದ್ದರೆ ಮಾತ್ರ ಕೈಬಿಡಿ. ಅದನ್ನು ಬಳಸುವ ಕೋಡ್ ದಾರಿಯಲ್ಲಿರಬಹುದು. ಲಿನಕ್ಸ್-ನೆಕ್ಸ್ಟ್ ಎಂಬ ಮುಂದಿನ ಆವೃತ್ತಿಯ ಮರದಲ್ಲೂ (ಪೂರ್ತಿ ಮೂಲ ಕೋಡ್‌ನ ಸಂಗ್ರಹ) ಒಮ್ಮೆ ಹುಡುಕಿ.

ಮುಟ್ಟಲೇಬಾರದ ಜಾಗವೂ ಇದೆ. ಇನ್‌ಕ್ಲೂಡ್ ಫೋಲ್ಡರ್‌ನ ಒಳಗಿರುವ ಯುಎಪಿಐ ಹೆಡರ್‌ಗಳು ಬಳಕೆದಾರರ ಪ್ರೋಗ್ರಾಂಗಳಿಗಾಗಿ ಇರುವಂಥವು. ಕರ್ನಲ್ ಒಳಗೆ ಅವನ್ನು ಯಾರೂ ಬಳಸದಿದ್ದರೂ ಹೊರಗೆ ಯಾವುದೋ ಪ್ರೋಗ್ರಾಂ ನಂಬಿಕೊಂಡಿರುತ್ತದೆ. ಅದನ್ನು ಮುರಿಯಬಾರದು ಎನ್ನುವುದು ಲಿನಸ್ ಬಹಳ ಕಟ್ಟುನಿಟ್ಟಾಗಿ ಪಾಲಿಸುವ ನಿಯಮ. ಮಾಡ್ಯೂಲ್‌ಗಳಿಗಾಗಿ (ಕರ್ನಲ್‌ಗೆ ಬೇಕಾದಾಗ ಸೇರಿಸುವ ತುಂಡುಗಳು) ಎಕ್ಸ್‌ಪೋರ್ಟ್ ಮಾಡಿದ ಫಂಕ್ಷನ್‌ಗಳ ಲೆಕ್ಕ ಬೇರೆ. ಕರ್ನಲ್ ಮರದ ಒಳಗೆ ಬಳಸುವವರಿಲ್ಲದಿದ್ದರೆ ಅವನ್ನು ತೆಗೆಯಬಹುದು, ಮರದ ಹೊರಗಿನ ಮಾಡ್ಯೂಲ್‌ಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಅಳಿಸಿ

ಫಂಕ್ಷನ್, ಹೆಡರ್‌ನಲ್ಲಿನ ಸಾಲು, ಎಕ್ಸ್‌ಪೋರ್ಟ್ ಸಾಲು, ಮೇಲಿನ ಕಾಮೆಂಟ್, ಎಲ್ಲವೂ ಒಟ್ಟಿಗೆ ಹೋಗಬೇಕು. ಇದೊಂದೇ ಕರೆಯುತ್ತಿದ್ದ ಇನ್ನೊಂದು ಫಂಕ್ಷನ್ ಇದ್ದರೆ ಈಗ ಅದೂ ಅನಾಥ. ಅದಕ್ಕೂ ಮೊದಲಿನಿಂದ ಇದೇ ಹುಡುಕಾಟ ಮಾಡಿ. ಇಡೀ ಡ್ರೈವರ್ ತೆಗೆಯುತ್ತಿದ್ದರೆ ಕೆಕಾನ್ಫಿಗ್, ಮೇಕ್‌ಫೈಲ್, ಮೇಂಟೇನರ್ಸ್ ಫೈಲ್, ಡಾಕ್ಯುಮೆಂಟೇಶನ್ ಇವುಗಳಲ್ಲೂ ಅದರ ಹೆಸರು ಇರುತ್ತದೆ.

ಆಮೇಲೆ ಆಲ್‌ಮಾಡ್‌ಕಾನ್ಫಿಗ್ ಬಿಲ್ಡ್ ಮಾಡಿ. ಇದು ಆಗುವಷ್ಟನ್ನೂ ಮಾಡ್ಯೂಲ್ ಆಗಿ ಕಂಪೈಲ್ ಮಾಡುತ್ತದೆ, ಸಮಯ ಹಿಡಿಯುತ್ತದೆ. ಕಡಿಮೆ ಎಂದರೂ ಎಕ್ಸ್86 ಮತ್ತು ಆರ್ಮ್64 ಎರಡೂ ಪ್ರೊಸೆಸರ್ ಬಗೆಗಳಿಗೆ ಮಾಡಿ.

ಪ್ಯಾಚ್‌ನ ಜೊತೆಗಿನ ಮಾತು

"ಬಳಕೆಯಲ್ಲಿಲ್ಲ, ತೆಗೆದಿದ್ದೇನೆ" ಎಂದಷ್ಟೇ ಬರೆದರೆ ಓದುವವರು ನಿಮ್ಮ ಹುಡುಕಾಟವನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ. ಕೊನೆಯ ಬಳಕೆ ಹೋದ ಕಮಿಟ್‌ನ ಗುರುತಿನ ಮೊದಲ 12 ಅಕ್ಷರಗಳನ್ನು ಮತ್ತು ಅದರ ಶೀರ್ಷಿಕೆಯನ್ನು ಕೊಡಿ. ಯಾವ ಬಿಲ್ಡ್‌ಗಳನ್ನು ಮಾಡಿ ನೋಡಿದಿರಿ ಎಂದು ಹೇಳಿ. ಒಂದು ಪ್ಯಾಚ್‌ಗೆ ಒಂದೇ ಕೆಲಸ. ಕೊನೆಗೆ ಸೈನ್ಡ್-ಆಫ್-ಬೈ ಸಾಲು, ಅಂದರೆ ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ನಿಮ್ಮ ಹೆಸರಿನಲ್ಲಿ ಹಾಕುವ ಸಹಿ. ಬರವಣಿಗೆಯ ತಪ್ಪುಗಳನ್ನು ಚೆಕ್‌ಪ್ಯಾಚ್ ಹಿಡಿದುಕೊಡುತ್ತದೆ, ಯಾರಿಗೆ ಕಳಿಸಬೇಕೆಂದು ಗೆಟ್_ಮೇಂಟೇನರ್ ಹೇಳುತ್ತದೆ. ಎರಡೂ ಸ್ಕ್ರಿಪ್ಟ್‌ಗಳು ಕರ್ನಲ್ ಜೊತೆಗೇ ಬರುತ್ತವೆ.

"ಇದನ್ನು ನಾನಿನ್ನೂ ಬಳಸುತ್ತಿದ್ದೇನೆ" ಎಂದು ಯಾರಾದರೂ ಉತ್ತರಿಸಿದರೆ ವಾದಕ್ಕೆ ಇಳಿಯಬೇಡಿ. ರೈಸರ್‌ಎಫ್‌ಎಸ್ ಫೈಲ್ ಸಿಸ್ಟಮ್ ಅನ್ನು ತೆಗೆಯುತ್ತೇವೆಂದು 2022ರಲ್ಲೇ ಎಚ್ಚರಿಕೆ ಕೊಟ್ಟಿದ್ದರು. ಕೋಡ್ ಹೋಗಿದ್ದು 2025ರ ಜನವರಿಯಲ್ಲಿ ಬಂದ 6.13ರಲ್ಲಿ. ಅದರಲ್ಲಿ ಡೇಟಾ ಇಟ್ಟವರಿಗೆ ಬೇರೆ ಕಡೆ ಸಾಗಿಸಿಕೊಳ್ಳಲು ಅಷ್ಟು ಸಮಯ ಸಿಕ್ಕಿತು.